ನಿದ್ರೆಗೆ ಸಂದ ಜಾವಾ ಮತ್ತೆ ಎಚ್ಚರಗೊಳ್ಳುವ ಬಗೆ

ಫಾರೂಖ್ ಇರಾನಿಯವರು ಮೈಸೂರಿನಲ್ಲಿ ಕಟ್ಟಿ ಬೆಳೆಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿಂದ ಹೊರಬಂದ ಜಾವಾ, ಯೆಜ್ದಿ ಮೋಟಾರ್‌ಸೈಕಲ್ಲುಗಳಲ್ಲಿ ಹಲವು ಇಂದಿಗೂ ಊರಿನ ಮನೆಗಳ ಹಿತ್ತಿಲಲ್ಲಿ ಗೋಣಿತಾಟನ್ನು ಹೊದ್ದು ನಿಂತಿವೆ. ಮನೆ ಪಾಲಾಗುವಾಗ ಯಾರಿಗೂ ಬೇಡವಾದ ತಂದೆಯ ಗಾಡಿಯನ್ನು ಮುಂಬಯಿಯಲ್ಲಿರುವ ಮಗ ರೈಲಿನ ಪಾರ್ಸಲ್ಲಿನಲ್ಲಿ ತರಿಸಿಕೊಳ್ಳುವುದುಂಟು. ಅಂತಹ ಗಾಡಿ ವಿಕ್ರೋಳಿಯ ವಸತಿ ಸಂಕೀರ್ಣವೊಂದರ ಅಂಗಳಕ್ಕೆ ಬಂದು ಇಳಿದೊಡನೆ ನೆರೆಹೊರೆಯವರೆಲ್ಲ ಸೇರಿ ನೀಡುವ ಸಲಹೆ ಒಂದೇ: "ಒಂದು ಕಿಕ್ ಹೊಡೆದು ನೋಡಿ!"

ಹೊಡೆಯಬಾರದು. ಇಪ್ಪತ್ತು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ಉಂಗುರಗಳು ಸಿಲಿಂಡರಿಗೆ ಅಂಟಿಕೊಂಡಿರಬಹುದು. ಜಾವಾದಲ್ಲಿ ಕಿಕ್ ಹೊಡೆಯುವ ಸನ್ನೆಯೇ ಗೇರ್ ಬದಲಿಸುವ ಸನ್ನೆಯೂ ಹೌದು. ಬಲಾತ್ಕಾರದಿಂದ ಅದರ ಹಲ್ಲು ಮುರಿದರೆ ಬದಲಿ ಭಾಗಕ್ಕಾಗಿ ಊರೂರು ಅಲೆಯಬೇಕಾಗುತ್ತದೆ. 2018ರಲ್ಲಿ ಅದೇ ಹೆಸರಿನಿಂದ ಮತ್ತೆ ಮಾರುಕಟ್ಟೆಗೆ ಬಂದ ಜಾವಾ ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರ. ಅದರ ಎಂಜಿನ್ ಭಾಗಗಳು ಇದಕ್ಕೆ ಒದಗುವುದಿಲ್ಲ. ಆದುದರಿಂದ ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಿಂದ ತೆಳು ಎಣ್ಣೆಯನ್ನು ಬಿಟ್ಟು, ಎರಡು ಮೂರು ದಿನ ಕಾಯುವುದು ಲೇಸು. ಅನಂತರ ಗಾಡಿಯನ್ನು ಮೇಲಿನ ಗೇರಿನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು.

ನಿಜವಾದ ಗಂಡಾಂತರವಿರುವುದು ಕಣ್ಣಿಗೆ ಬೀಳದ ಕಡೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಒತ್ತಡದಿಂದ ಸಿಲಿಂಡರಿಗೆ ಏರುತ್ತದೆ. ಆ ಕೋಣೆಯನ್ನು ಕಾಯುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು. ದೀರ್ಘಕಾಲ ಚಲನೆಯಿಲ್ಲದೆ ಅವು ಒಣಗಿ ಸೀಳುತ್ತವೆ. ಕ್ಲಚ್ಚಿನ ಕಡೆಯ ಸೀಲು ಕೆಟ್ಟರೆ ಎಂಜಿನ್ ಗೇರ್ ಪೆಟ್ಟಿಗೆಯ ಎಣ್ಣೆಯನ್ನೇ ಹೀರಿ ದಟ್ಟ ಬಿಳಿಯ ಹೊಗೆ ಉಗುಳುತ್ತದೆ. ಇದು ಹೇಗೂ ಕಾಣುತ್ತದೆ. ಡೈನಮೋ ಕಡೆಯದು ಕೆಟ್ಟರೆ ಒಳಗೆ ಹೆಚ್ಚುವರಿ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಆಗ ಗಾಡಿ ಬಹು ಉತ್ಸಾಹದಿಂದ ಓಡುವಂತೆ ತೋರಿ, ಒಳಗೊಳಗೇ ಕಾದು, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಲ್ಪಬೆಲೆಯ ಸೀಲಿನಲ್ಲಿ ಉಳಿತಾಯ ಮಾಡಿ ಸಿಲಿಂಡರಿಗೆ ತೆತ್ತವರ ಲೆಕ್ಕವನ್ನು ಯಾವ ಆಯವ್ಯಯ ಪತ್ರವೂ ಸರಿದೂಗಿಸಲಾರದು.

ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ಟನ್ನು ಮುಚ್ಚಿರುತ್ತದೆ. ಅದನ್ನು ನಳಿಕೆಯಿಂದ ಬಾಯಲ್ಲಿ ಹೀರಿ ತೆಗೆಯುವ ರೂಢಿ ಬಹಳ ಅಪಾಯಕರವಾದುದು. ಕೆಲವೇ ಹನಿ ಶ್ವಾಸಕೋಶಕ್ಕೆ ಇಳಿದರೂ ತೀವ್ರ ಉರಿಯೂತವಾಗುತ್ತದೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವಿದೆ. ಅದರ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಎಂಜಿನ್ನನ್ನು ಮುಚ್ಚಿದ ಗ್ಯಾರೇಜಿನಲ್ಲಿ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣವನ್ನೇ ತೆಗೆಯಬಲ್ಲುದು.

ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಠಾಣೆ ಖಾರಿಯ ಉಪ್ಪುಗಾಳಿ ಬೀಸುವ ವಿಕ್ರೋಳಿಯಲ್ಲಿ ಇದು ಇಮ್ಮಡಿ ಚಿಂತೆ. ಮೈಸೂರಿನ ಒಣಹವೆ ಎರಡು ದಶಕ ಕಾಪಾಡಿದ ಟ್ಯಾಂಕನ್ನು ಇಲ್ಲಿಯ ಎರಡೇ ಮಳೆಗಾಲ ತುಕ್ಕು ಹಿಡಿಸಬಲ್ಲುದು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲನ್ನು ಪೂರ್ತಿ ಬಸಿದಿಡಬೇಕು.

ಕಾಗದಪತ್ರಗಳದು ಮತ್ತೊಂದು ಪರ್ವ. ನಿಷ್ಕ್ರಿಯ ಬ್ಯಾಂಕ್ ಖಾತೆಯಂತೆ ಹಳೆಯ ನೋಂದಣಿಯೂ ತಾನಾಗಿ ಜೀವಂತವಾಗದು. ಕರ್ನಾಟಕದ ಆರ್.ಟಿ.ಒ.ದಿಂದ ನಿರಾಕ್ಷೇಪಣಾ ಪತ್ರ ತರಬೇಕು, ತಂದೆಯ ಹೆಸರಿನಿಂದ ವರ್ಗಾಯಿಸಬೇಕು, ಹದಿನೈದು ವರ್ಷ ಮೀರಿದ್ದಕ್ಕೆ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮದಂತೆ 'ವಿ.ಎ.' ಅಕ್ಷರಗಳ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಆದರೆ ಅಂತಹ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನವೋ ಸವಾರಿಯೋ ಎಂಬುದನ್ನು ಅರ್ಜಿ ಬರೆಯುವ ಮೊದಲೇ ನಿಶ್ಚಯಿಸುವುದು ಜಾಣತನ.

ಸೀಲು, ಟೈರು, ಬ್ರೇಕು, ತಂತಿಗಳೆಲ್ಲ ಹೊಸದಾದ ಮೇಲೆಯೇ ಆ ಕಿಕ್. ಲೀಟರಿಗೆ ಸುಮಾರು 40 ಮಿಲಿಲೀಟರ್ ಎರಡು ಸ್ಟ್ರೋಕಿನ ಎಣ್ಣೆ ಬೆರೆಸಿ, ನಸುಕಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗ ಬರಿದಾಗಿರುವಾಗ ಕೆಲವೇ ಮೈಲು ನಿಧಾನವಾಗಿ ಹೋಗಿ ಬಂದು, ಎಂಜಿನ್ ತಣಿದ ಬಳಿಕ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿ ಬಿಳಿಚಿದ್ದರೆ ಎಲ್ಲಿಂದಲೋ ಗಾಳಿ ನುಸುಳುತ್ತಿದೆಯೆಂದರ್ಥ, ಕೂಡಲೇ ನಿಲ್ಲಿಸತಕ್ಕದ್ದು. ಕಾಫಿ ಪುಡಿಯ ಕಂದುಬಣ್ಣವಿದ್ದರೆ ಮರುದಿನ ಘಾಟ್‌ಕೋಪರಿನವರೆಗೆ ಹೋಗಿ ಬರಲು ಅಡ್ಡಿಯಿಲ್ಲ.