ನೀರು ತೊಳೆಯುವ ಬಿಸಿಲು

ಬಣ್ಣದ ಸೀರೆ ದಿನವೂ ಬಿಸಿಲಿಗೆ ಹಾಕಿದರೆ ಏನಾಗುತ್ತದೆ? ಬಣ್ಣ ಮಾಸುತ್ತದೆ. ಬಿಸಿಲು ಬಣ್ಣವನ್ನು ಒಡೆಯುತ್ತದೆ. ಆದರೆ ಬಲು ನಿಧಾನ.

ಈ ಕೆಲಸವನ್ನು ಬೇಗ ಮಾಡಿಸುವ ಬಿಳಿ ಪುಡಿ ಒಂದಿದೆ. ಅದರ ಹೆಸರು ಟೈಟಾನಿಯಂ ಡೈಆಕ್ಸೈಡ್. ಹೆಸರು ಉದ್ದ, ಹೆದರಬ್ಯಾಡ್ರಿ. ಗೋಡೆಗೆ ಹಚ್ಚುವ ಬಿಳಿ ಪೇಂಟಿನಲ್ಲಿಯೂ ಇದು ಇರುತ್ತದೆ. ಇದನ್ನು ಬಹಳ ಸಣ್ಣ ಕಣ ಮಾಡುತ್ತಾರೆ. ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರಾರು ಕಣ ಸಾಲಾಗಿ ಕೂಡುತ್ತವೆ! ಇವಕ್ಕೆ ನ್ಯಾನೋ ಕಣ ಅಂತಾರೆ. ಹೊಲಸು ನೀರಿನಲ್ಲಿ ಇವನ್ನು ಹಾಕಿ ಬಿಸಿಲಿಗೆ ಇಡುತ್ತಾರೆ. ಬಿಸಿಲು ಬಿದ್ದ ಕಣ ಚುರುಕಾಗುತ್ತದೆ. ನೀರಿನಲ್ಲಿರುವ ಬಣ್ಣವನ್ನು ಚೂರು ಚೂರು ಮಾಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ನಾಗವೇಣಿ ಮತ್ತು ಸಂಗಡಿಗರು ಇದನ್ನು ಮಾಡಿ ನೋಡಿದರು. ಬಟ್ಟೆಯ ಬಣ್ಣ ಬೆರೆತ ನೀರು ಬಿಸಿಲಿನಲ್ಲೇ ತಿಳಿಯಾಯಿತು. 2004ರಲ್ಲಿ ಈ ವಿಷಯ ಅಚ್ಚಾಯಿತು.

ಆದರೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇಷ್ಟು ಸಣ್ಣ ಕಣ ಅರಿವೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ಪೇಂಟಿನ ಪುಡಿಯನ್ನು ಕೊಡಕ್ಕೆ ಹಾಕಲೇಬೇಡಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬಿಸಿಲಿಗೇನು ಬರ? "ಹಂಗಾದ್ರ ನಮ್ಮ ಸವಳು ನೀರು ಸಿಹಿ ಆಗ್ತದೇನ್ರಿ?" ಅಂತ ಕೇಳುತ್ತೀರಿ. ಆಗುವುದಿಲ್ಲ ಅಕ್ಕಾ. ಉಪ್ಪನ್ನು ಬಿಸಿಲು ಒಡೆಯಲಾರದು. ಹಲ್ಲಿಗೆ ಕಲೆ ತಂದು ಎಲುಬು ಕೆಡಿಸುವ ಫ್ಲೋರೈಡ್ ಕೂಡ ಹೋಗುವುದಿಲ್ಲ. ಕುದಿಸಿದರೂ ಹೋಗದು. ಬೋರಿನ ನೀರನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಭೇದಿ ತರುವ ಕ್ರಿಮಿಗಳನ್ನು ಮಾತ್ರ ಬಿಸಿಲು ಕೊಲ್ಲುತ್ತದೆ. ಅದಕ್ಕೆ ಪುಡಿ ಬೇಡ. ನೀರು ಸೋಸಿ, ತಿಳಿ ಇದ್ದರೆ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಬಾಟಲಿ 2 ಲೀಟರಿಗಿಂತ ದೊಡ್ಡದು ಬೇಡ. ಮುಚ್ಚಳ ಹಾಕಿ ಮಾಳಿಗೆಯ ಮೇಲೆ ಅಡ್ಡ ಮಲಗಿಸಿ. 6 ತಾಸು ಚುರುಕು ಬಿಸಿಲು ಬೀಳಬೇಕು. ಮೋಡ ಇದ್ದರೆ 2 ದಿನ ಇಡಿ.