ಕೆಂಪು ಪೆನ್ನು ಮತ್ತು ಒಂದು ಗ್ಲಾಸು ಚಾಯ

ಬಸ್ಸಿನಲ್ಲಿ ನನ್ನ ಮಡಿಲಲ್ಲಿರುವ ಉಬ್ಬಿದ ಚೀಲ ನೋಡಿ ಪಕ್ಕದ ಸೀಟಿನವರು ಕೇಳುವುದುಂಟು, "ಎಂತ ಟೀಚರ್, ಸಂತೆಗೆ ಹೋಗಿದ್ರಾ?" ಸಂತೆಯಲ್ಲ ಮಾರಾಯ್ರೆ, ಪ್ರಬಂಧಗಳು. ಮೂರು ಸೆಕ್ಷನ್, ನೂರ ನಲ್ವತ್ತು ಮಕ್ಕಳು, ಒಬ್ಬೊಬ್ಬರದ್ದು ಎರಡೆರಡು ಪುಟ. ಅದನ್ನು ಹೊತ್ತುಕೊಂಡು ಮನೆಗೆ ಹೋಗುವುದು, ಮರುದಿನ ಅರ್ಧ ತಿದ್ದಿ ವಾಪಸ್ ತರುವುದು. ಕಾಲೇಜಿನಲ್ಲಿ ಕನ್ನಡ ಕಲಿಸುವ ನನ್ನ ದಿನಚರಿಯ ದೊಡ್ಡ ಪಾಲು ಈ ಚೀಲದ್ದೇ.

"ನಿಮಗೇನು, ಕಥೆ ಹೇಳಿ ಬರುವುದಲ್ವಾ" ಎಂದು ನೆಂಟರು ತಮಾಷೆ ಮಾಡುತ್ತಾರೆ. ಕಥೆ ಹೇಳುವುದು ಸುಲಭ. ಬರೆಯಲು ಕಲಿಸುವುದು ಕಷ್ಟ. ಲೆಕ್ಕದಲ್ಲಿ ಉತ್ತರ ಸರಿಯಾ ತಪ್ಪಾ ಎಂದು ನೋಡಿದರೆ ಮುಗಿಯಿತು. ಪ್ರಬಂಧವನ್ನು ಪೂರ್ತಿ ಓದಲೇಬೇಕು. ಒಂದಕ್ಕೆ ಐದು ನಿಮಿಷ ಎಂದರೂ ನೂರ ನಲ್ವತ್ತಕ್ಕೆ ಹನ್ನೊಂದೂವರೆ ಗಂಟೆ ದಾಟುತ್ತದೆ. ಅದನ್ನು ಸುಬಹಿ ನಮಾಝ್‌ನ ನಂತರ ಸ್ವಲ್ಪ, ಬಸ್ಸಿನಲ್ಲಿ ಸ್ವಲ್ಪ, ಇಶಾ ಮುಗಿದು ಮಕ್ಕಳು ಮಲಗಿದ ಮೇಲೆ ಸ್ವಲ್ಪ ಎಂದು ಹಂಚಿಕೊಂಡಿದ್ದೇನೆ.

ಹಾಗೆಂದು ಬರೀ ಗೋಳು ಅಲ್ಲ. ಬೆಳಗ್ಗೆ ಎಲ್ಲರೂ ಏಳುವ ಮೊದಲು ಅಡುಗೆಮನೆಯ ಮೂಲೆಯಲ್ಲಿ ಒಂದು ಗ್ಲಾಸು ಚಾಯ, ಪಕ್ಕದಲ್ಲಿ ಐದಾರು ಪೇಪರು. ಬಿಸಿ ಪತ್ತಿರ್‌ಗೆ ನಿನ್ನೆಯ ಬಂಗುಡೆ ಸಾರು ಇದ್ದರಂತೂ ಆ ದಿನ ಯಾರಿಗೂ ಕಡಿಮೆ ಮಾರ್ಕ್ ಬೀಳುವುದಿಲ್ಲ! ತೊಕ್ಕೊಟ್ಟಿನಲ್ಲಿ ಬಸ್ ಹತ್ತಿದರೆ ಕಿಟಕಿ ಬದಿ ಸೀಟಿಗೆ ಕಣ್ಣು. ನೇತ್ರಾವತಿ ಸೇತುವೆ ಬಂದಾಗ ಪೆನ್ನಿಗೆ ಕ್ಯಾಪ್ ಹಾಕುತ್ತೇನೆ. ಸೇತುವೆ ದಾಟುವವರೆಗೆ ತಿದ್ದುವುದಿಲ್ಲ, ಹೊಳೆ ನೋಡುವುದು ಮಾತ್ರ. ಇದು ನಾನೇ ಮಾಡಿಕೊಂಡ ನಿಯಮ. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಹಸಿರು ನೀರು. ಅಷ್ಟು ನೋಡಿದರೆ ಇಡೀ ದಿನಕ್ಕೆ ಸಾಕು.

ಇನ್ನೊಂದು ಸಂತೋಷ ಮಕ್ಕಳ ತಪ್ಪುಗಳದ್ದು. ನಗುವುದಕ್ಕೆ ಹೇಳುತ್ತಿಲ್ಲ. ನಮ್ಮ ಬ್ಯಾರಿ ಮಾತಿನಲ್ಲಿ ಸಾಮಾನ್ಯವಾಗಿ 'ಳ' ಮತ್ತು 'ಣ' ಬಳಕೆಯಲ್ಲಿ ಇಲ್ಲ, 'ಲ' ಮತ್ತು 'ನ' ಸಾಕಾಗುತ್ತದೆ. ಹಾಗಾಗಿ ನಮ್ಮ ಮಕ್ಕಳು ಕನ್ನಡ ಬರೆಯುವಾಗ "ರಾತ್ರಿಯೆಲ್ಲ ಮಲೆ ಬಂತು" ಎನ್ನುತ್ತಾರೆ. ಕನ್ನಡದಲ್ಲಿ ಮಲೆ ಎಂದರೆ ಗುಡ್ಡ. ರಾತ್ರಿಯೆಲ್ಲ ಗುಡ್ಡ ಬಂದರೆ ಗತಿ ಏನು! "ಕೈಯ ಕೊಲೆ ತೊಳೆದೆ" ಎಂದು ಬರೆದವಳು ಪಾಪ, ಕೊಳೆ ತೊಳೆದದ್ದು ಅಷ್ಟೇ. ಕೆಲವರು ಹೆದರಿ ಎಲ್ಲ ಕಡೆ ಉಲ್ಟಾ ಮಾಡುತ್ತಾರೆ, "ಸಂಜೆ ಮಣೆಗೆ ಹೋದೆ" ಎಂದು.

ನಾನೂ ಹೀಗೆ ಬರೆದು ಬೈಗುಳ ತಿಂದವಳೇ. ಆಗ ಯಾರೂ ಕಾರಣ ಹೇಳಲಿಲ್ಲ, "ಉಚ್ಚಾರ ಸರಿ ಇಲ್ಲ" ಎಂದರು. ನಾನು ತರಗತಿಯಲ್ಲಿ ಕಾರಣವನ್ನೇ ಮೊದಲು ಹೇಳುತ್ತೇನೆ: ಇದು ದಡ್ಡತನ ಅಲ್ಲ, ಮನೆಯಲ್ಲಿ ಇನ್ನೊಂದು ಭಾಷೆ ಇರುವುದರ ಗುರುತು. ಆ ಭಾಷೆಗೂ 2007ರಿಂದ ಸರಕಾರದ ಸಾಹಿತ್ಯ ಅಕಾಡೆಮಿ ಉಂಟು. ನಾಚಿಕೆ ಬೇಡ, ಆದರೆ ಕನ್ನಡ ಬರೆಯುವಾಗ ಮಳೆ, ಮಲೆ ಎರಡೂ ಗೊತ್ತಿರಲಿ. ಕಾರಣ ಗೊತ್ತಾದ ಮೇಲೆ ಮಕ್ಕಳು ಬೇಗ ಕಲಿಯುತ್ತಾರೆ, ಇದು ನನ್ನ ಹನ್ನೆರಡು ವರ್ಷದ ಅನುಭವ.

ಆದರೆ ಅಕ್ಷರ ತಿದ್ದುವುದರಲ್ಲೇ ಮುಳುಗಿದರೆ ಬರೆದವರು ಕಾಣುವುದಿಲ್ಲ. ಇದು ನನಗೆ ಗೊತ್ತಾದದ್ದು ಕಳೆದ ವರ್ಷ.

ನಾನು ಕೊಡುತ್ತಿದ್ದ ವಿಷಯಗಳು ಎಂತೆಂಥದ್ದು? ಪರಿಸರ ಮಾಲಿನ್ಯ, ಸಮಯದ ಮಹತ್ವ, ಮೊಬೈಲಿನ ಸಾಧಕ ಬಾಧಕ. ಬರುತ್ತಿದ್ದದ್ದು ನೂರ ನಲ್ವತ್ತು ಒಂದೇ ಪ್ರಬಂಧ. ಮೊದಲು ಗೈಡಿನಿಂದ ಇಳಿಸುತ್ತಿದ್ದರು, ಈಗ ಮೊಬೈಲೇ ಬರೆದು ಕೊಡುತ್ತದೆ. ಒಂದು ಅಕ್ಷರ ತಪ್ಪಿಲ್ಲ, ಒಂದು ಜೀವವೂ ಇಲ್ಲ. ಓದಿ ಓದಿ ಸಾಕಾಗಿ ಒಂದು ದಿನ ಹೇಳಿದೆ, "ಈ ಸಲ ವಿಷಯ 'ನನ್ನ ಬೆಳಗ್ಗೆ'. ಎದ್ದಲ್ಲಿಂದ ಕಾಲೇಜಿನ ಗೇಟಿನವರೆಗೆ ಏನೇನು ಆಯಿತೋ ಅದು. ಮನೆಯ ಶಬ್ದ ಬಂದರೆ ಮನೆಯ ಶಬ್ದವನ್ನೇ ಬರೆಯಿರಿ. ಕೆಂಪು ಪೆನ್ನು ಮುಟ್ಟುವುದಿಲ್ಲ."

ಒಬ್ಬಳು ಉಪ್ಪನ ಗಲ್ಫ್ ಫೋನಿಗೆ ಕಾಯುವುದನ್ನು ಬರೆದಿದ್ದಳು. ಇನ್ನೊಬ್ಬ ಬೀಡಿ ಎಲೆ ಕತ್ತರಿಸುವ ಉಮ್ಮನ ಕತ್ತರಿಯ ಸದ್ದಿಗೆ ಎಚ್ಚರವಾಗುವುದನ್ನು ಬರೆದಿದ್ದ. ಆ ರಾತ್ರಿ ಚಾಯ ಆರಿ ಹೋದದ್ದು ಗೊತ್ತಾಗಲಿಲ್ಲ.

ಕಟ್ಟಿನ ಅಡಿಯಲ್ಲಿತ್ತು ಕೊನೆಯ ಬೆಂಚಿನ ಹುಡುಗನ ಪೇಪರು. ಯಾವಾಗಲೂ ಒಂಬತ್ತು ಗಂಟೆಯ ಕ್ಲಾಸಿಗೆ ಒಂಬತ್ತೂ ಇಪ್ಪತ್ತಕ್ಕೆ ಬರುವವನು. ಎಷ್ಟೋ ಸಲ ಆಬ್ಸೆಂಟ್ ಹಾಕಿದ್ದೆ. ಒಂದು ದಿನ ಎಲ್ಲರ ಎದುರೇ, "ರಾತ್ರಿ ಮೊಬೈಲು, ಬೆಳಗ್ಗೆ ನಿದ್ದೆ, ಅಲ್ವಾ?" ಎಂದಿದ್ದೆ. ಅವನು ತಲೆ ತಗ್ಗಿಸಿ ನಿಂತಿದ್ದ, ಮಾತಾಡಲಿಲ್ಲ.

ಅವನ ಬೆಳಗ್ಗೆ ಮೂರೂವರೆಗೆ ಶುರುವಾಗುತ್ತದೆ. ದಕ್ಕೆಗೆ ಹೋಗಿ ಬೋಟಿನಿಂದ ಇಳಿಯುವ ಮೀನಿನ ಬಾಕ್ಸ್ ಎಳೆಯಬೇಕು, ಐಸ್ ಹಾಕಬೇಕು, ಏಲಂ ಆದ ಮೇಲೆ ಲಾರಿಗೆ ತುಂಬಿಸಬೇಕು. ಉಪ್ಪನಿಗೆ ಬೆನ್ನು ನೋವು, ಆ ಕೆಲಸ ಈಗ ಇವನದ್ದು. ಎಂಟು ಗಂಟೆಗೆ ಮನೆಗೆ ಓಡಿ, ಎರಡು ಸಲ ಸಾಬೂನು ಹಾಕಿ ಸ್ನಾನ ಮಾಡುತ್ತಾನೆ. ಆದರೂ ಕೈಯ ವಾಸನೆ ಹೋಗುವುದಿಲ್ಲ, ಅದಕ್ಕೇ ಕೊನೆಯ ಬೆಂಚು ಎಂದು ಬರೆದಿದ್ದ. ಪುಟದ ತುಂಬ ಲ, ಳ, ನ, ಣ ಎಲ್ಲ ಅದಲು ಬದಲು. ಪೆನ್ನು ಮುಚ್ಚಿ ಇಟ್ಟೆ.

ಹಾಜರಿ ಪುಸ್ತಕ ತೆಗೆದು ನೋಡಿದೆ. ಜುಲೈ ಪೂರ್ತಿ ಅವನು ಸಮಯಕ್ಕೆ ಸರಿಯಾಗಿ ಬಂದಿದ್ದ. ತಡ ಶುರುವಾದದ್ದು ಆಗಸ್ಟಿನಿಂದ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗಸ್ಟಿನಲ್ಲಿ ಬೋಟು ಮತ್ತೆ ಇಳಿಯುತ್ತದೆ. ಮೀನಿನ ರೇಟು ಯಾವಾಗ ಇಳಿಯುತ್ತದೆ ಎಂದು ಆಗಸ್ಟಿಗೆ ಕಾಯುವ ಮನೆ ನಮ್ಮದು. ಬ್ಯಾರಿ ಎಂಬ ಹೆಸರೇ 'ಬ್ಯಾರ' ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಅದೇ ಸಮುದಾಯದಲ್ಲಿ ಹುಟ್ಟಿದ ನನಗೆ ಹಾಜರಿ ಪುಸ್ತಕದಲ್ಲಿದ್ದ ಇಷ್ಟು ದೊಡ್ಡ ಅಕ್ಷರ ಓದಲು ಬರಲಿಲ್ಲ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅವನು ಆ ಗಡಿಯಿಂದ ಕೆಳಗೆ ಜಾರಿಯಾಗಿತ್ತು.

ಮರುದಿನ ಅವನನ್ನು ಕರೆದು ಮೊದಲು ಮಾಫ್ ಕೇಳಿದೆ. ಅವನಿಗೇ ನಾಚಿಕೆಯಾಯಿತು, "ಪರವಾಗಿಲ್ಲ ಮೇಡಂ" ಎಂದ. "ಪರವಾಗಿಲ್ಲ ಅಲ್ಲ, ಪ್ರಾಂಶುಪಾಲರಿಗೆ ಒಂದು ಅರ್ಜಿ ಬರಿ" ಎಂದೆ. ಅವನು ಅಭ್ಯಾಸಬಲದಿಂದ "ಅನಾರೋಗ್ಯದ ನಿಮಿತ್ತ" ಎಂದು ಶುರು ಮಾಡಿದ. ಅದನ್ನು ಹೊಡೆದು ಹಾಕಿಸಿದೆ. ಇದ್ದದ್ದನ್ನು ಇದ್ದ ಹಾಗೆ ಒಂದೂವರೆ ಪುಟ ಬರೆದ. ಈ ಸಲ ಮಾತ್ರ ಳ, ಣ ಎಲ್ಲ ಅವನ ಜತೆ ಕೂತು ತಿದ್ದಿದೆ, ಯಾಕೆಂದರೆ ಇದು ಅವನ ಕೆಲಸ ಆಗಬೇಕಾದ ಕಾಗದ. ಉಪಾಧ್ಯಾಯರ ಸಭೆಯಲ್ಲಿ ಅರ್ಜಿ ಓದಿದರು. ಒಂಬತ್ತೂ ಇಪ್ಪತ್ತರೊಳಗೆ ಬಂದರೆ ಹಾಜರಿ ಕೊಡುವುದು, ಹಿಂದೆ ತಪ್ಪಿದ ತರಗತಿಗಳಿಗೆ ಸಂಜೆ ಬಂದು ಬರೆದು ಕೊಡುವುದು ಎಂದು ತೀರ್ಮಾನವಾಯಿತು. ಅವನು ಪರೀಕ್ಷೆಗೆ ಕೂತ, ಪಾಸಾದ. ಇದನ್ನೆಲ್ಲ ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಬೇಡ ಮೇಡಂ, ದಕ್ಕೆಯಲ್ಲಿ ತಮಾಷೆ ಮಾಡ್ತಾರೆ" ಎಂದ.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಮೊದಲ ಸಲ ಓದುವಾಗ ಕೈಯಲ್ಲಿ ಪೆನ್ನು ಇರುವುದಿಲ್ಲ. ಎರಡನೇ ಸಲ ಮೂರೇ ತಪ್ಪಿಗೆ ಗುರುತು ಹಾಕುತ್ತೇನೆ, ಪುಟ ತುಂಬ ಕೆಂಪು ಕಂಡರೆ ಮಗು ಒಂದನ್ನೂ ನೋಡುವುದಿಲ್ಲ. ಕೊನೆಗೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ, ನಿಜವಾಗಿ ನನಗೆ ತಿಳಿಯಬೇಕು ಅನಿಸಿದ್ದು.

ಮನೆಯಲ್ಲೂ ಇದನ್ನು ಮಾಡಬಹುದು. ಮಕ್ಕಳು ಬರೆದದ್ದು ಸಿಕ್ಕಿದರೆ ಮೊದಲು ಅಕ್ಷರ ನೋಡಬೇಡಿ, ಏನು ಬರೆದಿದ್ದಾರೆ ನೋಡಿ. ವಾರಕ್ಕೆ ಒಂದು ಸಲ ಉಮ್ಮ ಹೇಳಿದ ಒಂದು ಮಾತನ್ನು ಬ್ಯಾರಿಯಲ್ಲೇ, ಕನ್ನಡ ಲಿಪಿಯಲ್ಲಿ ಬರೆಯಲು ಹೇಳಿ. ಪಕ್ಕದಲ್ಲಿ ಅದನ್ನೇ ಕನ್ನಡದಲ್ಲಿ ಬರೆಯಲಿ. ಎರಡೂ ಭಾಷೆ ಉಳಿಯುತ್ತದೆ, ಮಳೆ ಮತ್ತು ಮಲೆಯ ಜಗಳವೂ ಮುಗಿಯುತ್ತದೆ.

ಆ ಹುಡುಗನ ಪ್ರಬಂಧವನ್ನು ಹೆಸರು ಹೇಳದೆ ಒಂದು ರಾತ್ರಿ ನನ್ನ ಉಮ್ಮನಿಗೆ ಓದಿ ಹೇಳಿದ್ದೆ. ಉಮ್ಮ ಕಲಿತದ್ದು ನಾಲ್ಕನೇ ಕ್ಲಾಸು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಅವನು ಬೆಳಗ್ಗೆ ಎಂತ ತಿಂತಾನೆ? ಅದು ಬರೆದಿಲ್ಲ ಅಲ್ಲ?"

ಹೌದು, ಬರೆದಿರಲಿಲ್ಲ. ಹನ್ನೆರಡು ವರ್ಷ ಪಾಠ ಮಾಡಿದ ನನಗೆ ಹೊಳೆಯದ ಪ್ರಶ್ನೆ. ಅದನ್ನೇ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಪೇಪರ್ ವಾಪಸ್ ಕೊಟ್ಟೆ. ಎರಡು ದಿನ ಬಿಟ್ಟು ಪೇಪರ್ ಮತ್ತೆ ನನ್ನ ಮೇಜಿನ ಮೇಲಿತ್ತು. ಹಿಂಬದಿಯಲ್ಲಿ ಅರ್ಧ ಪುಟ, ದಕ್ಕೆಯ ಬದಿಯ ಹೋಟೆಲಿನ ಚಾಯ ಮತ್ತು ಎರಡು ಬನ್ಸಿನ ಬಗ್ಗೆ.