ಶಕ್ತ್ಯನುಸಾರ ಶುಲ್ಕ: ಅಮೆರಿಕದ ವರ್ಣಭೇದ ವಿರೋಧಿ ಶಿಕ್ಷಣದ ಒಂದು ಪದ್ಧತಿ

ವರ್ಣಭೇದವನ್ನು ತೊಡೆಯಬಯಸುವ ವ್ಯಕ್ತಿಗಳಿಗೂ ಸಂಸ್ಥೆಗಳಿಗೂ ಮಾರ್ಗದರ್ಶನ ನೀಡುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ವೃತ್ತಿಯಾಗಿ ಬೆಳೆದಿದೆ. ಅಲ್ಲಿ ಇದನ್ನು ಕೋಚಿಂಗ್ ಎನ್ನುತ್ತಾರೆ. ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಪರೀಕ್ಷೆಯ ಮನೆಪಾಠವನ್ನು ನೆನಪಿಗೆ ತಂದೀತು. ಇಲ್ಲಿ ಅದರ ಅರ್ಥ ಬೇರೆ. ತನ್ನ ನಡೆನುಡಿಯಲ್ಲಿ, ತನ್ನ ಕಚೇರಿಯ ನೇಮಕಾತಿಯಲ್ಲಿ, ತಾನು ಪಾಠ ಹೇಳುವ ತರಗತಿಯಲ್ಲಿ ಭೇದಬುದ್ಧಿ ಎಲ್ಲಿ ಅಡಗಿದೆಯೆಂದು ಅರಿಯಲಿಚ್ಛಿಸುವವರೊಡನೆ ಅನುಭವಸ್ಥರೊಬ್ಬರು ಹಲವು ಭೇಟಿಗಳಲ್ಲಿ ನಡೆಸುವ ಸಂವಾದವೇ ಅದು. ಈ ಸೇವೆಗೆ ಯಾರಿಂದ ಎಷ್ಟು ಶುಲ್ಕ ಪಡೆಯುವುದು ನ್ಯಾಯ? ಲೆಕ್ಕಪತ್ರದ ವಿಷಯವೆಂದು ತೋರುವ ಈ ಪ್ರಶ್ನೆ ನಮ್ಮನ್ನು ಆ ದೇಶದ ಚರಿತ್ರೆಗೇ ಕರೆದೊಯ್ಯುವುದರಿಂದ ಅದನ್ನಿಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಹಣವಿಲ್ಲದವರ ವೆಚ್ಚವನ್ನು ಉಳ್ಳವರು ವಹಿಸುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. 1932ರಲ್ಲಿ ಟೆನೆಸ್ಸೀ ಪ್ರಾಂತದಲ್ಲಿ ಸ್ಥಾಪಿತವಾದ ಹೈಲ್ಯಾಂಡರ್ ಜಾನಪದ ಶಾಲೆಯು ಕಪ್ಪು ಜನರನ್ನೂ ಬಿಳಿಯರನ್ನೂ ಒಂದೇ ಸೂರಿನಡಿ ಕೂರಿಸಿ ಶಿಬಿರಗಳನ್ನು ನಡೆಸಿತು. ಮಾಂಟ್ಗೊಮರಿ ನಗರದಲ್ಲಿ ಹೊಲಿಗೆಯಿಂದ ಜೀವಿಸುತ್ತಿದ್ದ ರೋಸಾ ಪಾರ್ಕ್ಸ್ 1955ರ ಬೇಸಗೆಯಲ್ಲಿ ಅಲ್ಲಿಗೆ ಹೋದದ್ದು ವಿದ್ಯಾರ್ಥಿವೇತನದ ನೆರವಿನಿಂದ. ಆಕೆ ಬಸ್ಸಿನಲ್ಲಿ ಆಸನ ಬಿಟ್ಟುಕೊಡಲು ನಿರಾಕರಿಸಿದ್ದು ಅದೇ ವರ್ಷದ ಡಿಸೆಂಬರ್ 1ರಂದು.

ಇಂದಿನ ಪದ್ಧತಿ ವಿದ್ಯಾರ್ಥಿವೇತನಕ್ಕಿಂತ ತುಸು ಭಿನ್ನವಾದುದು. ಒಂದೇ ಸೇವೆಗೆ ಎರಡು ಮೂರು ದರಗಳನ್ನು ಪ್ರಕಟಿಸಿ, ಶಕ್ತಿಯಿದ್ದಷ್ಟು ಕೊಡಿರೆನ್ನುವ ಇದಕ್ಕೆ ಸ್ಲೈಡಿಂಗ್ ಸ್ಕೇಲ್ ಎಂದು ಹೆಸರು. ಶಕ್ತ್ಯನುಸಾರ ಶುಲ್ಕವೆಂದು ನಾವು ಕರೆಯಬಹುದು. ಇದರ ಸರಕಾರಿ ಮಾದರಿಯೊಂದು ಅಲ್ಲಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿದೆ. ಬಡತನದ ಮಟ್ಟಕ್ಕಿಂತ ಕಡಿಮೆ ಆದಾಯವುಳ್ಳವರಿಗೆ ಪೂರ್ಣ ರಿಯಾಯಿತಿ ಅಥವಾ ನಾಮಮಾತ್ರ ಶುಲ್ಕ. ಆ ಮಟ್ಟದ ಇಮ್ಮಡಿಯವರೆಗೆ ಆದಾಯವಿದ್ದವರಿಗೆ ಭಾಗಶಃ ರಿಯಾಯಿತಿ. ಅದಕ್ಕೂ ಮೇಲಿನವರಿಗೆ ಈ ರಿಯಾಯಿತಿ ಇಲ್ಲ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಹಿಡಿದು ಶುಲ್ಕ ವಿನಾಯಿತಿಗೆ ನಿಲ್ಲುವ ನಮ್ಮ ವಿದ್ಯಾರ್ಥಿಗಳಿಗೆ ಇದು ತೀರ ಅಪರಿಚಿತವೇನಲ್ಲ.

ಆದರೆ ವರ್ಣಭೇದದ ವಿಷಯದಲ್ಲಿ ಆದಾಯವೊಂದೇ ಸಾಕಾದ ಅಳತೆಗೋಲೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಸಮಾನ ಸಂಬಳದ ಇಬ್ಬರು ಉಪಾಧ್ಯಾಯರನ್ನು ಭಾವಿಸೋಣ. ಒಬ್ಬನಿಗೆ ಅಜ್ಜ ಕೊಂಡ ಮನೆಯಿದೆ; ಇನ್ನೊಬ್ಬನಿಗೆ ಓದಿಗಾಗಿ ಮಾಡಿದ ಸಾಲವಿದೆ. ಈ ಅಂತರವನ್ನು ಕೇವಲ ಅದೃಷ್ಟವೆಂದು ತಳ್ಳಿಹಾಕುವಂತಿಲ್ಲ. 1930ರ ದಶಕದಲ್ಲಿ ಸರಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆ ಬರೆಯಿಸಿ, ಕಪ್ಪು ಜನರು ವಾಸಿಸುವ ಬಡಾವಣೆಗಳಿಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬಳಿಯಿಸಿತು. 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತವು ಸಾಲಗಳಿಗೆ ವಿಮೆ ನೀಡುವಾಗ ಅಂಥ ಬಡಾವಣೆಗಳನ್ನು ದೂರವಿಟ್ಟಿತು. ಮನೆ ಮಾರಾಟದಲ್ಲಿ ವರ್ಣಭೇದವನ್ನು ನಿಷೇಧಿಸಿದ ವಸತಿ ಶಾಸನ ಬಂದದ್ದು 1968ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಆಸ್ತಿಸಂಚಯ ಮುಗಿದಿತ್ತು. 2022ರ ಕೇಂದ್ರ ಬ್ಯಾಂಕಿನ ಸಮೀಕ್ಷೆಯಂತೆ ಬಿಳಿಯರ ಮಧ್ಯಮ ಕುಟುಂಬದ ಸಂಪತ್ತು ಕಪ್ಪು ಜನರದಕ್ಕಿಂತ ಸುಮಾರು ಆರು ಪಟ್ಟು. ಆದ್ದರಿಂದ ವಿವೇಕದಿಂದ ರಚಿತವಾದ ಶುಲ್ಕಪಟ್ಟಿಯು ಸಂಬಳದೊಡನೆ ಸ್ವಂತ ಮನೆ, ಪಿತ್ರಾರ್ಜಿತ, ಸಾಲ, ಆಶ್ರಿತರ ಸಂಖ್ಯೆ, ಕಷ್ಟಕಾಲದಲ್ಲಿ ಕೈಹಿಡಿಯುವ ಬಂಧುಗಳು ಇವನ್ನೂ ವಿಚಾರಿಸುತ್ತದೆ.

ಹಾಗಿದ್ದರೆ ವರ್ಣವನ್ನೇ ನೋಡಿ ದರವನ್ನೇಕೆ ಗೊತ್ತುಮಾಡಬಾರದೆಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ಶಾಸನದ ಅಡ್ಡಿಯಿದೆ. ಬಿಡುಗಡೆ ಹೊಂದಿದ ಗುಲಾಮರ ರಕ್ಷಣೆಗಾಗಿ 1866ರಲ್ಲಿ ಮಾಡಿದ ನಾಗರಿಕ ಹಕ್ಕುಗಳ ಶಾಸನವು ಕರಾರುಗಳಲ್ಲಿ ವರ್ಣಭೇದವನ್ನು ಒಪ್ಪುವುದಿಲ್ಲ. ಅದರ ರಕ್ಷಣೆ ಬಿಳಿಯರಿಗೂ ಸಲ್ಲುತ್ತದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ತೀರ್ಮಾನಿಸಿತು. ವರ್ಣಾನುಸಾರ ದರವಿಡುವವರು ವ್ಯಾಜ್ಯಕ್ಕೆ ಗುರಿಯಾಗುವ ಸಂಭವವುಂಟು. ಸಂಪತ್ತಿನ ಪ್ರಶ್ನೆಗಳಿಗೆ ಆ ತೊಡಕು ಕಡಿಮೆ. ಮೇಲಾಗಿ ಬಡ ಬಿಳಿಯನಿಗೂ ಬಾಗಿಲು ತೆರೆದಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹತ್ತು ಮಂದಿಯಿಂದ ಒಟ್ಟು 1,000 ಡಾಲರು ಬಂದರೆ ಮಾರ್ಗದರ್ಶಕರ ಜೀವನ ಸಾಗುತ್ತದೆಂದು ಇಟ್ಟುಕೊಳ್ಳೋಣ. ಮೂವರು 150ರಂತೆ, ನಾಲ್ವರು 100ರಂತೆ, ಮೂವರು 50ರಂತೆ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಮೇಲಿನ ಮೂವರಲ್ಲಿ ಇಬ್ಬರು ಶಕ್ತರಾಗಿದ್ದೂ 50ರ ದರವನ್ನೇ ಆರಿಸಿಕೊಂಡರೋ, 200 ಡಾಲರು ಖೋತಾ. ಅದನ್ನು ತುಂಬುವವರು ಯಾರು? ಸರಕಾರದ ಅನುದಾನವಿಲ್ಲದ ಈ ವೃತ್ತಿಯಲ್ಲಿ ಮಾರ್ಗದರ್ಶಕರೇ ತುಂಬಬೇಕು. ಅವರಲ್ಲಿ ಅನೇಕರು ಕಪ್ಪು ಜನಾಂಗದ ಮಹಿಳೆಯರು. ಅನ್ಯಾಯವನ್ನು ವಿವರಿಸುವ ಶ್ರಮವೂ ಅವರದೇ, ನಷ್ಟವೂ ಅವರದೇ ಆದರೆ ಹಳೆಯ ವ್ಯವಸ್ಥೆಯೇ ವೇಷ ಬದಲಿಸಿ ಬಂದಂತಾಯಿತು.

ಹೀಗಿದ್ದೂ ಹಲವರು ದಾಖಲೆ ಕೇಳುವುದಿಲ್ಲ. ಬಡತನವನ್ನು ಸಾಬೀತುಪಡಿಸೆನ್ನುವುದು ಬಡವನಿಗೆ ಅವಮಾನ. ಅಲ್ಲದೆ ತನಗಿರುವ ಅನುಕೂಲವನ್ನು ತಾನೇ ಎಣಿಸುವುದು ಈ ಶಿಕ್ಷಣದ ಮೊದಲ ಪಾಠವೂ ಹೌದು. ಈ ವಾದದಲ್ಲಿ ಹುರುಳಿದೆ. ಆದರೆ ನಂಬಿಕೆಯೊಂದರ ಮೇಲೆಯೇ ಮಾರ್ಗದರ್ಶಕರ ಮನೆ ಬಾಡಿಗೆ ನಿಲ್ಲಬೇಕೆನ್ನುವುದು ನಮಗೆ ಒಪ್ಪಿತವಲ್ಲ. ಕಡಿಮೆ ದರದ ಸ್ಥಾನಗಳಿಗೆ ಮಿತಿಯಿಟ್ಟು, ವಿಶ್ವವಿದ್ಯಾನಿಲಯ, ವ್ಯಾಪಾರಸಂಸ್ಥೆ ಮೊದಲಾದವುಗಳಿಂದ ಪೂರ್ಣ ಶುಲ್ಕವನ್ನೇ ಪಡೆದು, ಆ ಹೆಚ್ಚಳದಿಂದ 50 ಡಾಲರಿನ ಮೂವರ ಸ್ಥಾನವನ್ನು ಮೊದಲೇ ಕಾದಿರಿಸುವ ಕ್ರಮ ಇದಕ್ಕಿಂತ ಭದ್ರವಾದುದು.